ಉಡಿ ಕಾಣದ ಹಾಡು

"ಏ ಮುದುಕಿ, ಹಾಡು ಕೇಳಾಕೆ ಬಂದೀಯೇನೇ ಬೋಸುಡಿ? ತಟ್ಟೆ ಯಾರು ತಿಕ್ತಾರೆ, ನಿಮ್ಮಪ್ಪನಾ?"

ಅಡುಗೆ ಮೇಸ್ತ್ರಿ ಬೈದದ್ದು ಮರಿಯವ್ವನಿಗೆ. ಹರಿಹರದ ಆ ಕಲ್ಯಾಣ ಮಂಟಪದ ಹಿಂದೆ ನಾನೂ ಅವಳೂ ಎದುರುಬದುರು ಕೂತು ತಿಂಡಿಯ ತಟ್ಟೆ ತಿಕ್ಕುತ್ತಿದ್ದೆವು. ಒಳಗೆ ಸ್ಪೀಕರಿನಲ್ಲಿ ಸೋಬಾನೆ ಪದ ಬರುತ್ತಿತ್ತು. ಆ ದನಿ ಇದೇ ಮುದುಕಿಯದು ಎಂದು ಮೇಸ್ತ್ರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬೈಯುತ್ತಿದ್ದ, ಬಿಡಿ.

ಮಾಯಕೊಂಡದ ಕಡೆ ಮರಿಯವ್ವ ಹಾಡದೆ ಮದುವೆ ಆಗುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಸೌಂಡ್ ಸಿಸ್ಟಮ್ಮಿನ ಕೊಟ್ಟೂರೇಶ ಅವಳ ಮನೆಗೆ ಹೋಗಿ, ತನ್ನ ಅವ್ವನಿಗೆ ಕೇಳಿಸಬೇಕು ಎಂದು ಹೇಳಿ, ಹನ್ನೆರಡು ಪದ ಮೊಬೈಲಿಗೆ ಹಾಡಿಸಿಕೊಂಡ. ಅವು ಅವನ ಹೆಸರಿನಲ್ಲಿ ಯೂಟ್ಯೂಬಿಗೆ ಹೋದವು. ಅಲ್ಲಿಂದ ಕಂಡಕಂಡವರೆಲ್ಲ ಇಳಿಸಿಕೊಂಡು ಪೆನ್‌ಡ್ರೈವಿಗೆ ತುಂಬಿಕೊಂಡರು. ಪೆನ್‌ಡ್ರೈವ್ ಇದ್ದ ಮೇಲೆ ಮುದುಕಿ ಯಾರಿಗೆ ಬೇಕು? ಕರೆಯುವವರು ಇಲ್ಲವಾಗಿ ಅವಳು ದಾವಣಗೆರೆಯ ವಿನೋಬನಗರಕ್ಕೆ ಬಂದು ನಮ್ಮ ಜೊತೆ ಮುಸುರೆಗೆ ಬಿದ್ದಳು.

ಆ ಮದುವೆಗೂ ಸ್ಪೀಕರು ಹಾಕಿದ್ದ ಕೊಟ್ಟೂರೇಶ ಟೀ ಹುಡುಕಿಕೊಂಡು ಹಿಂದಕ್ಕೆ ಬಂದ.

"ಅಲ್ಲಪ್ಪ ಕೊಟ್ರೇಶಿ, ನನ್ನ ಪದಕ್ಕೆ ನನಗೇನೂ ಇಲ್ವೇನಪ್ಪ?" ಎಂದಳು ಮರಿಯವ್ವ.

"ನನಗೇ ಏನೂ ಗಿಟ್ಟಂಗಿಲ್ಲ ಬೇ. ಎಲ್ಲಾ ಕಳ್ಳ ನನ್ಮಕ್ಳು, ಪುಕ್ಸಟ್ಟೆ ಡೌನ್‌ಲೋಡ್ ಮಾಡ್ಕಂತಾರೆ."

"ಮತ್ತೆ ಇವತ್ತಿನ ಬಾಡಿಗೆ?"

"ಅದು ಸ್ಪೀಕರಿಂದು."

ಕಳ್ಳನಿಗೊಂದು ಪಿಳ್ಳೆ ನೆವ. ನನಗೆ ಮೈಯೆಲ್ಲ ಉರಿಯಿತು. ಮರಿಯವ್ವ ಎದ್ದು, ಸೋಪಿನ ಕೈಯಲ್ಲೇ ಒಳಗೆ ನಡೆದಳು. ನಾನು ಹಿಂದೆಯೇ ಓಡಿದೆ.

ತಾಳಿ ಕಟ್ಟುವ ಹೊತ್ತು. ಅವಳು ವೇದಿಕೆ ಹತ್ತಿ ಹೆಣ್ಣಿನ ತಾಯಿ ಸರ್ವಮಂಗಳಮ್ಮನ ಮುಂದೆ ಸೆರಗೊಡ್ಡಿದಳು.

"ಉಡಿ ತುಂಬ್ರಿ ತಾಯಿ."

ಸೋಬಾನೆ ಹಾಡಿದವಳಿಗೆ ಹೆಣ್ಣಿನ ತಾಯಿ ಅಕ್ಕಿ, ಕೊಬ್ಬರಿ, ಕುಬಸ ಹಾಕಿ ಉಡಿ ತುಂಬಬೇಕು. ಅದು ದಾನವಲ್ಲ, ಕೂಲಿ.

"ಹಾಡಿದ್ದು ಪೆನ್‌ಡ್ರೈವು, ನಿಂಗ್ಯಾಕೆ ಉಡಿ? ಮುಸುರೆ ಸೀರೆ ಉಟ್ಕಂಡು ಮ್ಯಾಲೆ ಹೆಂಗೆ ಬಂದ್ಯೇ ಮುಂಡೆ? ಇಳಿ ಕೆಳಗೆ" ಎಂದಳು ಸರ್ವಮಂಗಳಮ್ಮ.

"ಪೆನ್‌ಡ್ರೈವಿಗೆ ಗಂಟ್ಲೈತೇನ್ರಿ? ಅದು ನನ್ ಗಂಟ್ಲು."

ಕೊಟ್ಟೂರೇಶ ಓಡಿಬಂದು ಅವಳ ರಟ್ಟೆ ಹಿಡಿದ. "ತಲೆ ಕೆಟ್ಟೈತ್ರಿ ಇದಕ್ಕೆ."

ಮರಿಯವ್ವ ಕೊಸರಿಕೊಂಡಳು. "ತುಂಬಂಗಿಲ್ವೇನ್ರಿ?"

"ತುಂಬಲ್ಲ. ಏನ್ ಮಾಡ್ಕಂತೀಯ?"

ಮರಿಯವ್ವ ಬರಿದಾದ ಸೆರಗನ್ನು ಕೊಡವಿದಳು. ಊರು ಯಾವುದಾದರೂ ನಮ್ಮ ಕೇರಿಯವರು ಉಡಿಯಿಲ್ಲದೆ ಹಾಡುವುದು ಒಂದೇ ಕಡೆ, ಹೆಣದ ಮುಂದೆ. ಸಾವಿನ ಮನೆಯಿಂದ ನಾವು ಒಂದು ಕಾಳನ್ನೂ ತರುವುದಿಲ್ಲ.

"ಹಂಗಾದ್ರೆ ಇದು ಆ ಮನೀನೇ ಬಿಡ್ರಿ" ಎಂದು ತುರುಬು ಬಿಚ್ಚಿ, ಅಲ್ಲೇ ಕುಕ್ಕರಿಸಿ, ಎದೆ ಬಡಿದುಕೊಂಡು ಸಾವಿನ ಪದ ಎತ್ತಿದಳು. ಸ್ಪೀಕರಿನಲ್ಲಿ ಅವಳದೇ ಸೋಬಾನೆ ಇನ್ನೂ ನಡೆದಿತ್ತು. ಯಾರೋ ವೈರು ಕಿತ್ತರು. ಸಾವಿನ ಪದವೊಂದೇ ಉಳಿಯಿತು. ಅಯ್ಯನವರ ಮಂತ್ರ ನಿಂತಿತು. ಅಕ್ಕಿಕಾಳು ಹಿಡಿದ ನೂರಾರು ಕೈಗಳಲ್ಲಿ ಒಂದೂ ಮೇಲೇಳಲಿಲ್ಲ.

ಮದುಮಗಳು ಗಡಗಡ ನಡುಗುತ್ತಿದ್ದಳು. ಆ ಹುಡುಗಿಯನ್ನು ನೋಡಿ ನನಗೆ ಕರುಳು ಚುರ್ ಎಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಪದಕ್ಕೆ ಹಿಂದಿನಿಂದ ಸೊಲ್ಲು ಹಿಡಿಯಲು ಇನ್ನೊಬ್ಬಳು ಬೇಕು. ನಾನೂ ತುರುಬು ಬಿಚ್ಚಿ ಪಕ್ಕದಲ್ಲಿ ಕೂತೆ.