ಲೈಫ್ ಟ್ಯಾಕ್ಸಿನಲ್ಲಿ ಬಾರದ್ದು

ನಾಚಿಕೆಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಸುತ್ತಿ ಬಳಸಿ ತಪ್ಪಿಸಿಕೊಳ್ಳುತ್ತೇನೆ, ನನ್ನ ಬಾಯಿ ಅಂಥದ್ದು. ನಮ್ಮ ಬೀದಿಯ ಚರಂಡಿಯ ಚಪ್ಪಡಿ ಒಡೆದದ್ದು ನನ್ನ ಕಾರು. ಅಲ್ಲಿ ಬಿದ್ದು ಸೊಂಟ ಮುರಿದುಕೊಂಡವಳು ಮಂಗಳಮ್ಮ, ಮನೆಮನೆಗೆ ಹೂ ಕೊಡುವವಳು. ಒಡೆದದ್ದು ನೀರಿನ ಟ್ಯಾಂಕರು ಎಂದು ಬೀದಿಗೆಲ್ಲ ಸಾರಿದವನೂ ನಾನೇ.

ಕುಂಬಾರಕೊಪ್ಪಲಿನಲ್ಲಿ ನಮ್ಮದು ಇಕ್ಕಟ್ಟಾದ ಅಡ್ಡರಸ್ತೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಮೇಲೆ ಕಾರು ಕೊಂಡೆ. ನಾನು ಕೇಳಿದ್ದು ಬಿಳಿ, ಕೊಟ್ಟದ್ದು ಕೆಂಪು. ಇರಲಿ, ಅದು ಬೇರೆ ಕಥೆ. ಮನೆಯೊಳಗೆ ಜಾಗವಿಲ್ಲದ್ದಕ್ಕೆ ದಿನಾ ಚಪ್ಪಡಿಯ ಮೇಲೆ ಹತ್ತಿಸಿ ನಿಲ್ಲಿಸುತ್ತಿದ್ದೆ. ಯಾರಾದರೂ ಕೇಳಿದರೆ ಒಂದೇ ಉತ್ತರ:

"ಲೈಫ್ ಟ್ಯಾಕ್ಸ್ ಕಟ್ಟಿದೀನಿ ಕಣ್ರೀ. ರೋಡೂ ಅದ್ರಲ್ಲೇ, ಚರಂಡೀನೂ ಅದ್ರಲ್ಲೇ."

ಕಾರು ಕೊಳ್ಳುವಾಗ ಒಂದೇ ಸಲ ಕಟ್ಟುವ ತೆರಿಗೆ ಅದು. ಇಪ್ಪತ್ತೆಂಟು ವರ್ಷ ಕಂದಾಯದ ಕಡತ ತಿರುವಿದವನು ನಾನು. ಆ ದುಡ್ಡು ನಮ್ಮ ಚರಂಡಿಗೆ ಬರುತ್ತದೋ ಇಲ್ಲವೋ ಎಂದು ಒಂದು ದಿನವೂ ಯೋಚಿಸಲಿಲ್ಲ.

ಒಂದು ಬೆಳಿಗ್ಗೆ ಹಿಂದಿನ ಚಕ್ರದ ಕೆಳಗೆ ಚಟ್ ಎಂದಿತು. ಇಳಿದು ಬಿರುಕು ನೋಡಿದೆ. ಕಾರನ್ನು ಎರಡಡಿ ಮುಂದಕ್ಕೆ ತಂದು, ಒಳಗೆ ಹೋಗಿ ಕಾಫಿ ಕುಡಿದೆ. ಮೂರನೆಯ ದಿನ ಮಂಗಳಮ್ಮ ಬುಟ್ಟಿಯ ಸಮೇತ ಬಿದ್ದಳು. ಜನ ಸೇರಿದರು. "ಎಂಗೆ ಒಡೀತು ಇದು?" ಎಂದರು ಯಾರೋ. ನನ್ನ ಬಾಯಿಗೆ ಟ್ಯಾಂಕರು ಬಂತು. ಅಂದಿನಿಂದ ಅದರ ಡ್ರೈವರ್ ಪುಟ್ಟಣ್ಣನನ್ನು ಬೀದಿಯವರು ಒಳಗೆ ಬಿಡಲಿಲ್ಲ.

ಎರಡು ತಿಂಗಳ ಮೇಲೆ ಮಂಗಳಮ್ಮ ಹೇಳಿಕಳಿಸಿದಳು. ಹೋದೆ. ಮಂಚದಲ್ಲಿ ಒರಗಿಕೊಂಡೇ ಹೂ ಕಟ್ಟುತ್ತಿದ್ದಳು.

"ಬನ್ನಿ ಶಿರಸ್ತೇದಾರ್ರೆ. ಒಂದು ಅರ್ಜಿ ಬರ್ಕೊಡಿ."

"ಏನಂತ?"

"ನೀವೇ ಏಳ್ತಿದ್ರಲ್ಲ, ಲೈಫ್ ಟ್ಯಾಕ್ಸು, ಎಲ್ಲಾ ಅದ್ರಲ್ಲೇ ಅಂತ. ಲೈಫು ಅಂದ್ರೆ ಜೀವ ಅಂತೆ, ನಮ್ಮುಡ್ಗಿ ಏಳ್ತು. ನನ್ನ ಸೊಂಟಕ್ಕೂ ಅದ್ರಲ್ಲಿ ಏನಾರ ಬತ್ತದಾ?"

ಹಂಗಿಸುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಇಲ್ಲ, ನಿಜವಾಗಿಯೇ ಕೇಳುತ್ತಿದ್ದಳು.

"ಅದು ಕಾರಿನ ಜೀವಮಾನಕ್ಕೆ ಕಣಮ್ಮ. ಜನದ ಜೀವಕ್ಕಲ್ಲ."

"ಅಂಗಾರೆ ಜನದ್ದು ಯಾರು ಕಟ್ತಾರೆ?"

ಕಾಗದ ತೆಗೆದುಕೊಂಡು 'ಮಾನ್ಯರೇ' ಎಂದು ಶುರುಮಾಡಿದೆ. ಸಾವಿರಾರು ಅರ್ಜಿ ಬರೆದ ಕೈ, 'ಘಟನೆಯ ಕಾರಣ' ಎನ್ನುವಲ್ಲಿ ನಿಂತುಬಿಟ್ಟಿತು.

"ಪೆನ್ನು ಓಡ್ತಿಲ್ವಾ? ಟ್ಯಾಂಕರ್ ನನ್ಮಗ ಪುಟ್ಟಣ್ಣ ಅಂತ ಬರೀರಿ."

ಅವಳಿಗೆ ಓದು ಬರದು. ಏನು ಬರೆದರೂ ನಡೆಯುತ್ತಿತ್ತು, ಅದೇ ನನ್ನನ್ನು ಹಿಂಡಿತು. ಬರೆದು, ಗಟ್ಟಿಯಾಗಿ ಓದಿದೆ: "ಷಡಕ್ಷರಿ ಎಂಬ ನಾನು ನನ್ನ ಕಾರನ್ನು ದಿನವೂ ಹತ್ತಿಸಿ ಚಪ್ಪಡಿ ಒಡೆದು, ಗೊತ್ತಿದ್ದೂ ಸುಮ್ಮನಿದ್ದು, ತಪ್ಪನ್ನು ಬೇರೆಯವರ ಮೇಲೆ ಹಾಕಿರುತ್ತೇನೆ."

ಅವಳ ಕೈಯಲ್ಲಿ ದಾರ ನಿಂತಿತು.

"ಇನ್ನೊಂದ್ಸಲ ಓದಿ."

ಓದಿದೆ.

"ಆ ಪುಟ್ಟಣ್ಣನ ಮಕ್ಳನ್ನೂ ಸೇರಿಸಿ ಶಾಪ ಆಕಿದೀನಲ್ರೀ ನಾನು" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಸುಮ್ಮನಿರಲಾರದೆ ಕಾಗದ ಮುಂದೆ ಹಿಡಿದು, "ಹೆಬ್ಬೆಟ್ಟು ಒತ್ತಮ್ಮ" ಎಂದೆ.

"ನಾನ್ಯಾಕೆ ಒತ್ಲಿ? ನಿಮ್ಮ ತಪ್ಪು. ನೀವೇ ಸೈನ್ ಆಕಿ."

ಹಾಕಿದೆ. ಕಾಗದವನ್ನು ಇಸಿದುಕೊಂಡು ದಿಂಬಿನ ಕೆಳಗಿಟ್ಟುಕೊಂಡಳು.

"ಪುಟ್ಟಣ್ಣನ್ನ ಕರ್ಕೊಂಡ್ ಬನ್ನಿ. ಅವನ ಮುಂದೆನೂ ಓದಿ."

ಹೂಂ ಎಂದು ಎದ್ದೆ.