ಮೈನಸ್ ಇಪ್ಪತ್ತರ ಸೆಕೆ

ಹಿಮ ನೋಡಲು ಹೋಗಬೇಕೆಂಬ ಹುಚ್ಚು ಮೊದಲು ಹತ್ತಿದ್ದು ತಂಗಿಗೆ. ಅವಳಿಂದ ಅಕ್ಕನಿಗೆ ಅಂಟಿತು. ಅಕ್ಕತಂಗಿಯರಿಗೆ ಒಂದೇ ಹುಚ್ಚು ಹತ್ತಿದ ಮೇಲೆ ಗಂಡಂದಿರಿಗೆ ಉಳಿಯುವುದು ಎರಡೇ ದಾರಿ: ಹ್ಞೂಂ ಅನ್ನುವುದು, ಇಲ್ಲವೇ ಇನ್ನೂ ಜೋರಾಗಿ ಹ್ಞೂಂ ಅನ್ನುವುದು.

ಈ ಇಬ್ಬರು ಗಂಡಂದಿರು ಷಡ್ಡಕರು ಮಾತ್ರವಲ್ಲ, ಒಂದೇ ಕಡೆ ಕೆಲಸಕ್ಕಿದ್ದವರು. ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ, ಮೈನಸ್ ಇಪ್ಪತ್ತರ ಕೋಣೆಯೊಳಗೆ, ಮೀನು, ಬಟಾಣಿ, ಐಸ್‌ಕ್ರೀಮಿನ ಪೆಟ್ಟಿಗೆಗಳನ್ನು ಜೋಡಿಸುವುದು, ಇಳಿಸುವುದು. ಮಾವ ಮನೆಯಲ್ಲಿ ಕರೆಯುತ್ತಿದ್ದ ದೊಡ್ಡಳಿಯ, ಚಿಕ್ಕಳಿಯ ಎಂಬ ಹೆಸರುಗಳೇ ಅಲ್ಲಿಗೂ ಬಂದು ಕೂತಿದ್ದವು. ದೊಡ್ಡಳಿಯನಿಗೆ ಅಲ್ಲಿ ಹತ್ತೊಂಬತ್ತು ವರ್ಷದ ಸರ್ವೀಸು. ಚಿಕ್ಕಳಿಯನಿಗೆ ಮೂರು. ಮದುವೆಯಾದ ಹೊಸದರಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದವನನ್ನು ಕೈ ಹಿಡಿದು ಒಳಗೆ ಸೇರಿಸಿದವನೇ ದೊಡ್ಡಳಿಯ.

"ಹಿಮ ನೋಡೋಕೆ ರೈಲು ಹತ್ತಿ ಹೋಗ್ಬೇಕಾ? ಒಂದಿನ ನಮ್ಮ ಜೊತೆ ಬನ್ನಿ, ಮೂಗಿನ ತುದಿ ಉದುರೋವರೆಗೂ ತೋರಿಸ್ತೀವಿ," ಎಂದು ದೊಡ್ಡಳಿಯ ರೇಗಿಸಿದ್ದ.

"ನಿಮ್ಮ ಹಿಮದಲ್ಲಿ ಮೀನಿನ ವಾಸನೆ ಭಾವ," ಎಂದಿದ್ದಳು ತಂಗಿ. "ನಮಗೆ ಆಕಾಶದಿಂದ ಬೀಳೋದು ಬೇಕು."

ಅವರೆಲ್ಲ ಇದ್ದದ್ದು ಒಂದೇ ಕಟ್ಟಡದಲ್ಲಿ. ಅಕ್ಕನ ಮನೆ ಮೂರನೇ ಮಹಡಿ, ತಂಗಿಯದು ನಾಲ್ಕನೆಯದು. ತಿಂಗಳುಗಟ್ಟಲೆ ಮೆಟ್ಟಿಲ ಮೇಲೆ ಇದೇ ಮಾತು. ಬೆಟ್ಟದ ಮೇಲೆ ಮೂರು ರಾತ್ರಿ, ನಾಲ್ಕು ಹಗಲು. ಯಾವ ರೈಲು, ಗುಡ್ಡ ಹತ್ತಲು ಯಾವ ಬಸ್ಸು, ಬೂಟುಗಳನ್ನು ಬಾಡಿಗೆಗೆ ತರುವುದೋ ಕೊಳ್ಳುವುದೋ. ಅಕ್ಕನಿಗೆ ಬಿಸಿನೀರಿನ ಚಿಂತೆ. ತಂಗಿಗೆ ಹೀಟರಿನ ಚಿಂತೆ. ಮದುವೆಯಾದ ಮೇಲೆ ಅವಳೂ ಗಂಡನೂ ಹೊರಟಿದ್ದ ಮೊದಲ ಪ್ರಯಾಣ ಅದು, ಅಲ್ಲಿ ಹೋಗಿ ನಡುಗುತ್ತಾ ಮಲಗಲು ಅವಳು ತಯಾರಿರಲಿಲ್ಲ. ಹೋಟೆಲಿನವನೋ ಕೇಳಿದ್ದಕ್ಕೆಲ್ಲ 'ನೋಡೋಣ' ಎನ್ನುವ ಆಸಾಮಿ. ಅವನ ಬಾಯಲ್ಲಿ ಹೌದು ಎನ್ನಿಸುವ ಹೊಣೆ ದೊಡ್ಡಳಿಯನ ತಲೆಗೆ ಬಿತ್ತು.

ಇಲ್ಲೊಂದು ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಕೋಣೆಯಲ್ಲಿ ದುಡಿಯುವವರಿಗೆ ಒಂದು ಕಟ್ಟಳೆ ಇತ್ತು. 'ಚಳಿ' ಎಂಬ ಮಾತನ್ನು ಬಾಯಿಬಿಟ್ಟು ಯಾರೂ ಹೇಳಬಾರದು. ಹೇಳಿದವನು ಪಾಳಿಯಲ್ಲಿದ್ದವರಿಗೆಲ್ಲ ಚಹಾ ಕುಡಿಸಬೇಕು. ಚಳಿಯ ಬದಲು 'ಸೆಕೆ' ಅನ್ನಬೇಕು. ಮೀಸೆಯ ಮೇಲೆ ಬಿಳಿ ಕಟ್ಟಿಕೊಂಡು ಹೊರಬಂದವನು, "ಅಬ್ಬಬ್ಬಾ, ಏನ್ ಸೆಕೆ!" ಎನ್ನುವುದು, ಬಾಗಿಲ ಬಳಿ ಕೂತವನು ರಿಜಿಸ್ಟರಿನಿಂದ ಗಾಳಿ ಬೀಸುವುದು. ಹೊಸಬರು ಮೊದಲ ವಾರ ಚಹಾ ಕುಡಿಸಿ ಕುಡಿಸಿ ಸಾಕಾಗಿ, ಆಮೇಲೆ ಕನಸಿನಲ್ಲೂ ಸೆಕೆ ಎನ್ನುವ ಹಾಗಾಗುತ್ತಿದ್ದರು. ಇದನ್ನು ಶುರುಮಾಡಿದವನು ದೊಡ್ಡಳಿಯನೇ. ಚಳಿ ಚಳಿ ಅಂದಷ್ಟೂ ಅದು ಮೂಳೆಗೆ ಇಳಿಯುತ್ತದೆ, ನಗಾಡಿಕೊಂಡಿದ್ದರೆ ಪಾಳಿ ಮುಗಿಯುತ್ತದೆ ಎನ್ನುವುದು ಅವನ ಲೆಕ್ಕ. ತಪ್ಪೇನೂ ಇರಲಿಲ್ಲ ಅದರಲ್ಲಿ. ಹತ್ತೊಂಬತ್ತು ವರ್ಷ ಆ ಮಾತು ಎಷ್ಟೋ ಜನರನ್ನು ಅಲ್ಲಿ ನಿಲ್ಲಿಸಿತ್ತು.

ಚಿಕ್ಕಳಿಯ ಈ ಆಟವನ್ನು ಮನೆಗೂ ತಂದ. ಬೆಟ್ಟದ ಮೇಲೂ ಇದೇ ಕಾನೂನು, ಚಳಿ ಎಂದವರು ನಾಲ್ಕೂ ಜನಕ್ಕೆ ಚಹಾ ಕುಡಿಸಬೇಕು ಎಂದು ಸಾರಿದ. ಅಕ್ಕತಂಗಿಯರು ಮೆಟ್ಟಿಲ ಮೇಲೆ ನಿಂತು ಅಭ್ಯಾಸ ಮಾಡುತ್ತಿದ್ದರು. "ಸ್ವೆಟರ್ ಹಾಕ್ಕೊಳ್ಳೇ, ಎಷ್ಟು ಸೆಕೆ ನೋಡು," ಎಂದು ಅಕ್ಕ ಅಂದರೆ ತಂಗಿ ಹೊಟ್ಟೆ ಹಿಡಿದುಕೊಂಡು ನಗುವಳು.

ಇಬ್ಬರಿಗೂ ಒಟ್ಟಿಗೆ ಎಂಟು ದಿನ ರಜೆ ಬೇಕೆಂದಾಗ ಸೂಪರ್‌ವೈಸರ್ ಹುಬ್ಬು ಗಂಟು ಹಾಕಿದ. ಕೊನೆಯ ಸಾಲಿನ ಹಳೆಯ ಸರಕನ್ನೆಲ್ಲ ಮುಂದಿನ ಸಾಲಿಗೆ ತಂದಿಟ್ಟು ಹೋಗಿ, ಇಲ್ಲದಿದ್ದರೆ ರಜೆಯ ಮಾತೇ ಬೇಡ ಎಂದ. ಹೊರಡುವ ಹಿಂದಿನ ಮಧ್ಯಾಹ್ನ ಅದಿನ್ನೂ ಅರ್ಧ ಉಳಿದಿತ್ತು.

ನಿಯಮ ಎಂದರೆ ನಲವತ್ತು ನಿಮಿಷ ಒಳಗೆ, ಇಪ್ಪತ್ತು ನಿಮಿಷ ಹೊರಗೆ. ಒಬ್ಬ ಒಳಗಿದ್ದರೆ ಇನ್ನೊಬ್ಬ ಬಾಗಿಲ ಬಳಿ ಕೂತು ವೇಳೆ ಬರೆಯಬೇಕು, ಹತ್ತು ನಿಮಿಷಕ್ಕೊಮ್ಮೆ ಸ್ಪೀಕರಿನಲ್ಲಿ ಕರೆದು ಮಾತಾಡಿಸಬೇಕು. ಅವತ್ತು ದೊಡ್ಡಳಿಯನ ಸರದಿ ಬಂದಾಗ ಚಿಕ್ಕಳಿಯ ಅವನನ್ನು ಒಳಗೆ ಬಿಡಲಿಲ್ಲ.

"ನೀವು ಹೋಟೆಲಿನವನ ಜೊತೆ ಗುದ್ದಾಡಿ ಅಣ್ಣ. ನನ್ನ ಹೆಂಡತಿ ಬೆಳಿಗ್ಗೆಯಿಂದ ಮೂರು ಸಲ ಮೆಸೇಜ್ ಹಾಕಿದಾಳೆ, ಹೀಟರ್ ಹೀಟರ್ ಅಂತ. ಇದನ್ನ ನಾನು ಒಂದೇ ಉಸಿರಿಗೆ ಮುಗಿಸ್ತೀನಿ."

ಓಡಾಡಿ ಓಡಾಡಿ ಅವನ ಒಳಂಗಿ ಬೆವರಿಗೆ ತೊಯ್ದಿತ್ತು. ದೊಡ್ಡಳಿಯ ಅದನ್ನು ನೋಡಿದ. ಒದ್ದೆ ಬಟ್ಟೆಯಲ್ಲಿ ಮತ್ತೆ ಒಳಹೋಗಬಾರದು ಎಂಬುದು ಮೊದಲ ದಿನದ ಪಾಠ, ಆ ಪಾಠವನ್ನು ಇವನಿಗೆ ಹೇಳಿಕೊಟ್ಟವನೂ ತಾನೇ. ಆದರೂ ಚಹಾದ ಲೋಟ ಕೈಗಿತ್ತು, ಬೆನ್ನು ತಟ್ಟಿ ಕಳಿಸಿದ. ಒಂದೂ ಹತ್ತಕ್ಕೆ ಶುರುವಾದ ಕೆಲಸ. ಮೂರು ಗಂಟೆ ದಾಟಿತು. ನಡುವೆ ಚಿಕ್ಕಳಿಯ ಹೊರಬಂದದ್ದು ಎರಡೇ ಸಲ, ಎರಡು ಗುಟುಕು ಚಹಾ ಕುಡಿಯುವಷ್ಟು ಹೊತ್ತು.

ಮೂರೂ ಇಪ್ಪತ್ತಕ್ಕೆ ದೊಡ್ಡಳಿಯ ಎಡಗಿವಿಗೆ ಫೋನು ಒತ್ತಿಕೊಂಡು ಸ್ಪೀಕರಿನ ಗುಂಡಿ ಒತ್ತಿದ. "ಏನಪ್ಪಾ ಚಿಕ್ಕಳಿಯ, ಹೇಗಿದೆ?"

"ಸೆಕೆ ಅಣ್ಣ." ಸ್ವಲ್ಪ ತಡೆದು, ನಾಲಿಗೆ ದಪ್ಪವಾದವನ ಹಾಗೆ, "ತುಂಬಾ ಸೆಕೆ ಆಗ್ತಿದೆ. ಜಾಕೆಟ್ ಬಿಚ್ತೀನಿ."

ದೊಡ್ಡಳಿಯ ನಕ್ಕ. "ಫ್ಯಾನ್ ಹಾಕ್ಲಾ?"

ಉತ್ತರ ಬರಲಿಲ್ಲ. ಅದನ್ನೂ ತಮಾಷೆಯ ಭಾಗವೆಂದುಕೊಂಡ. ಅಷ್ಟರಲ್ಲಿ ಹೋಟೆಲಿನವನು ಫೋನಿಗೆ ಬಂದ. ಒಂದು ರೂಮಿಗೆ ಹೀಟರ್ ಇದೆ, ಇನ್ನೊಂದಕ್ಕೆ ನೋಡೋಣ ಎಂದ. ನೋಡೋಣ ಅಲ್ಲ, ಬೇಕೇ ಬೇಕು, ಹೊಸ ಜೋಡಿ ಸ್ವಾಮಿ ಎಂದು ದೊಡ್ಡಳಿಯ ಪಟ್ಟು ಹಿಡಿದ. ಕೊನೆಗೆ ಅವನ ಬಾಯಲ್ಲಿ ಹೌದು ಎನ್ನಿಸಿ, ಗೆದ್ದ ಖುಷಿಯಲ್ಲಿ ಗುಂಡಿ ಒತ್ತಿ ಕರೆದ. ಮತ್ತೆ ಕರೆದ. ಬಾಗಿಲು ಎಳೆದಾಗ ಗಡಿಯಾರದಲ್ಲಿ ಮೂರೂ ನಲವತ್ತೆರಡು.

ಕೊನೆಯ ಸಾಲಿನ ಹತ್ತಿರ, ಬಟಾಣಿ ಪೆಟ್ಟಿಗೆಯ ಮೇಲೆ ಜಾಕೆಟ್ಟು ಮಡಿಸಿಟ್ಟಿತ್ತು. ಅದರ ಮೇಲೆ ಕೈಗವಸು ಎರಡೂ ಜೊತೆಯಾಗಿ. ಪಕ್ಕದಲ್ಲಿ ಸ್ವೆಟರು, ಅಂಗಿ. ಎರಡು ಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ಚಿಕ್ಕಳಿಯ ಬರೀ ಮೈಯಲ್ಲಿ ಮುದುಡಿ ಮಲಗಿದ್ದ. ದೊಡ್ಡಳಿಯ ಅವನನ್ನು ಹೊತ್ತು ತಂದ, ಉಜ್ಜಿದ, ಕೂಗಿದ. ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಅಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಮೆಲ್ಲಗೆ ಬಿಡಿಸಿ ಹೇಳಿದಳು. ಮೈ ತೀರಾ ತಣ್ಣಗಾದಾಗ ಕೊನೆಯಲ್ಲಿ ಬುದ್ಧಿ ತಪ್ಪುತ್ತದೆ, ಮೈಯೆಲ್ಲ ಉರಿಯುವ ಹಾಗೆ ಸೆಕೆಯಾಗುತ್ತದೆ, ಅದಕ್ಕೇ ಕೆಲವರು ಬಟ್ಟೆ ಬಿಚ್ಚಿಹಾಕುತ್ತಾರೆ. "ಸೆಕೆ ಆಗ್ತಿದೆ ಅಂತ ಏನಾದ್ರೂ ಹೇಳಿದ್ರಾ ಅವರು? ಆ ಹೊತ್ತಿಗೆ ಹೊರಗೆ ತಂದಿದ್ರೆ ಒಂದೊಂದು ಸಲ ಉಳೀತಾರೆ."

ದೊಡ್ಡಳಿಯ ಇಲ್ಲ ಎಂದು ತಲೆಯಾಡಿಸಿದ. ಕಂಪನಿಯ ವಿಚಾರಣೆಯಲ್ಲೂ ಅದನ್ನೇ ಅಂದ. ವಿಶೇಷವಾಗಿ ಏನಾದರೂ ಹೇಳಿದನೇ ಎಂದು ಅವರು ಕೇಳಿದ್ದರು, ವಿಶೇಷವೇನೂ ಹೇಳಲಿಲ್ಲ ಎಂದ. ಸುಳ್ಳೂ ಅಲ್ಲ, ಅಲ್ಲಿ ದಿನಕ್ಕೆ ನೂರು ಸಲ ಆಡುವ ಮಾತು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಕೇಳಿದವನ ಗತಿ ಏನೆಂದು ಯಾವ ಗಾದೆಯೂ ಹೇಳುವುದಿಲ್ಲ.

ಮಾರನೆಯ ಸಂಜೆ, ಮಣ್ಣು ಮಾಡಿ ಬಂದು ಎಲ್ಲರೂ ಕೂತಿದ್ದಾಗ, ಹೋಟೆಲಿನವನ ಫೋನು ಬಂತು. "ನಿನ್ನೆ ಮೂರೂವರೆಗೆ ಫೋನಲ್ಲಿ ಹೇಳಿದ ಹಾಗೆ ಎರಡೂ ರೂಮಿಗೆ ಹೀಟರ್ ಹಾಕ್ಸಿದೀನಿ ಸರ್. ನಾಡಿದ್ದು ಎಷ್ಟು ಹೊತ್ತಿಗೆ ಬರ್ತೀರಿ?" ಪಕ್ಕದಲ್ಲಿದ್ದ ಅಕ್ಕನಿಗೆ ಅಷ್ಟೂ ಕೇಳಿಸಿತು. ಬರುವುದಿಲ್ಲ ಎಂದಷ್ಟೇ ಹೇಳಿ ದೊಡ್ಡಳಿಯ ಫೋನಿಟ್ಟ.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವನು ನಾಲ್ಕನೇ ಮಹಡಿಗೆ ಹತ್ತಿದ. ಕೆಲಸದ ಜಾಗದಲ್ಲಿ ಉಳಿದಿದ್ದ ಚಿಕ್ಕಳಿಯನ ಊಟದ ಡಬ್ಬಿ, ಚಪ್ಪಲಿಗಳನ್ನು ಕೊಡುವುದಿತ್ತು. ತಂಗಿ ಬಾಗಿಲು ತೆಗೆದಳು. ಮೂಲೆಯಲ್ಲಿ ಕಟ್ಟಿದ್ದ ಬ್ಯಾಗುಗಳು ಹಾಗೇ ಇದ್ದವು. ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ಭಾವ, ಒಂದು ಕೇಳ್ತೀನಿ. ಅವರು ಕೊನೇಲಿ ಏನಾದ್ರೂ ಅಂದ್ರಾ?"

ಡಾಕ್ಟರಿಗೆ, ಕಂಪನಿಗೆ ಹೇಳಿದ್ದನ್ನು ಇವಳ ಮುಖ ನೋಡಿಕೊಂಡು ಹೇಳಲು ಅವನಿಂದಾಗಲಿಲ್ಲ. "ಸೆಕೆ ಅಂದ," ಎಂದ.

"ನೀವೇನಂದ್ರಿ?"

"ಫ್ಯಾನ್ ಹಾಕ್ಲಾ ಅಂದೆ."

ತಂಗಿ ನಕ್ಕಳು. ಹತ್ತೊಂಬತ್ತು ದಿನಗಳಲ್ಲಿ ಮೊದಲ ಸಲ, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. "ಅಯ್ಯೋ, ಸಾಯೋ ಹೊತ್ತಲ್ಲೂ ತಮಾಷೆನಾ! ನಾನು ಅವರು ಒಬ್ಬರೇ ಹೆದರ್ಕೊಂಡು ಹೋದ್ರು ಅಂತ ದಿನಾ ಒದ್ದಾಡ್ತಿದ್ದೆ ಭಾವ. ನೀವಿದ್ರಿ. ನಗ್ತಾ ಹೋದ್ರು. ನಿಮ್ಮ ಋಣ ಹೇಗೆ ತೀರಿಸಲಿ?" ಎಂದು ಬಗ್ಗಿ ಅವನ ಕಾಲು ಮುಟ್ಟಲು ಬಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಆಗಲಿಲ್ಲ. ಕಾಲು ಹಿಂದಕ್ಕೆಳೆದುಕೊಂಡ.

"ಮುಟ್ಟಬೇಡಮ್ಮ. ಅದು ತಮಾಷೆ ಅಲ್ಲ." ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಜಾಕೆಟ್ ಬಿಚ್ತೀನಿ ಅಂದದ್ದನ್ನು ಹೇಳಿದ. ಒದ್ದೆ ಅಂಗಿಯನ್ನು ನೋಡಿಯೂ ಒಳಗೆ ಕಳಿಸಿದ್ದನ್ನು ಹೇಳಿದ. "ನಿಜವಾಗ್ಲೂ ಸೆಕೆ ಆಗ್ತಿತ್ತು ಅವನಿಗೆ. ನನ್ನ ಕರೆದ. ನಾನು ನಕ್ಕೆ."

ತಂಗಿಯ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ.

"ಆಮೇಲೆ ಎಷ್ಟು ಹೊತ್ತಿಗೆ ಬಾಗಿಲು ತೆಗೆದ್ರಿ?"

"ಇಪ್ಪತ್ತೆರಡು ನಿಮಿಷ."

"ಇಪ್ಪತ್ತೆರಡು ನಿಮಿಷ ಏನ್ ಮಾಡ್ತಿದ್ರಿ?"

ಅವನು ತಂದಿದ್ದ ಚಪ್ಪಲಿಗಳನ್ನು ಬಾಗಿಲ ಪಕ್ಕಕ್ಕೆ ಜೋಡಿಸಿಟ್ಟ.

"ಭಾವ." ಅವಳ ದನಿ ಇಷ್ಟೇ ಇಷ್ಟಾಗಿತ್ತು. "ಅವತ್ತು ನಾನು ಹೀಟರ್ ಹೀಟರ್ ಅಂತ ಪ್ರಾಣ ತಿಂದಿದ್ದೆ. ಆಗ ನೀವು ಹೋಟೆಲಿನವನ ಜೊತೆ ಫೋನಲ್ಲಿದ್ರಾ?"

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ಈ ಪ್ರಶ್ನೆ ಇವತ್ತಿನದಲ್ಲ, ಮೊದಲ ದಿನದಿಂದ ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಎಂದು ಅವನಿಗೆ ಗೊತ್ತಾಯಿತು. ಹೌದು ಎಂದರೆ ಅವಳು ಸಾಯುವವರೆಗೆ ಅದನ್ನು ಹೊರುತ್ತಾಳೆ. ಅವನಿಗೆ ಅವಳು ಪುಟ್ಟ ಹುಡುಗಿಯಾಗಿದ್ದಾಗಿನಿಂದ ಗೊತ್ತು. ಅವನ ಮದುವೆಯಲ್ಲಿ ಅವಳಿಗೆ ಒಂಬತ್ತು ವರ್ಷ, ಅವನ ತೊಡೆಯ ಮೇಲೆ ಕೂತು ಊಟ ಮಾಡಿದವಳು.

"ಇಲ್ಲಮ್ಮ," ಎಂದ. "ಫೋನ್ ಮಾಡ್ಲೇ ಇಲ್ಲ. ಮರ್ತೇ ಹೋಗಿತ್ತು. ಸುಮ್ನೆ ಕೂತಿದ್ದೆ."

"ಸುಮ್ನೆ?"

"ಸುಮ್ನೆ. ತೂಕಡಿಕೆ ಬಂದಿತ್ತು."

ತಂಗಿ ಎದ್ದು ನಿಂತಳು. ಈಗ ಆ ಮುಖದಲ್ಲಿದ್ದದ್ದು ಬರೀ ಸಿಟ್ಟು, ಒಬ್ಬನ ಮೇಲೆ ನೆಟ್ಟ ಸಿಟ್ಟು. ಅದನ್ನು ನೋಡಿ ಅವನಿಗೆ ಸಮಾಧಾನವಾಯಿತು.

"ಇನ್ಮೇಲೆ ನಮ್ಮನೆಗೆ ಬರಬೇಡಿ," ಎಂದಳು. ಭಾವ ಎನ್ನಲಿಲ್ಲ.

"ಆಯ್ತಮ್ಮ."

ಮೂರನೇ ಮಹಡಿಯ ಬಾಗಿಲಲ್ಲಿ ಅವನ ಹೆಂಡತಿ ಕಾಯುತ್ತಾ ನಿಂತಿದ್ದಳು. ಮೇಲೆ ಬಾಗಿಲು ಹಾಕಿಕೊಂಡ ಸದ್ದು ಅವಳಿಗೂ ಕೇಳಿಸಿತ್ತು.

"ಏನಂದ್ಲು?"

"ನೀನು ಹೋಗಿ ಅವಳ ಹತ್ರ ಇರು. ಅವತ್ತು ನಾನು ಬಾಗಿಲ ಹತ್ರ ಮಲಗಿಬಿಟ್ಟಿದ್ದೆ ಅಂತಾಳೆ. ಹೌದು ಅನ್ನು."

"ನೀವು ಫೋನಲ್ಲಿದ್ರಲ್ರೀ..."

"ಆ ಹೋಟೆಲಿನವನ ವಿಷಯ ಅವಳ ಮುಂದೆ ಎತ್ತಬೇಡ. ನಾನು ಸತ್ತ ಮೇಲೂ ಎತ್ತಬೇಡ."

ಅವಳು ಗಂಡನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಗೋಡೆ ಹಿಡಿದು, ತಂಗಿಯ ಮನೆಗೆ ಮೆಟ್ಟಿಲು ಹತ್ತತೊಡಗಿದಳು.