ಬಂಡೆಯೊಳಗಿನ ದಾರಿ

ಅಲ್ಲಾಳಸಂದ್ರದ ಕೆರೆ ದಾಟಿದರೆ ಸಿಗುತ್ತಿದ್ದ ಆ ಸಣ್ಣ ಊರಿನಲ್ಲಿ ಆನಂದಪ್ಪನನ್ನು ಎಲ್ಲರೂ ‘ಗವಿಯಪ್ಪ’ ಎಂದೇ ಕರೆಯುತ್ತಿದ್ದರು. ಕರೆಯದೆ ಇನ್ನೇನು ಮಾಡಿಯಾರು? ಗೌಡರ ಮನೆಯ ಹುಡುಗ, ಹೊಲ ಗದ್ದೆ ನೋಡಿಕೊಂಡಿರುವುದು ಬಿಟ್ಟು, ಕಲ್ಲಿನ ಶಾಸ್ತ್ರ ಓದಿ, ಕರ್ನೂಲು ಸೀಮೆಯ ಸುಣ್ಣಕಲ್ಲಿನ ಗವಿಗಳಲ್ಲಿ ಹೊಟ್ಟೆಯ ಮೇಲೆ ತೆವಳುತ್ತಾ ವರ್ಷಗಳನ್ನು ಕಳೆದಿದ್ದ. ಅಲ್ಲಿ ನೆಲದಡಿಯಲ್ಲೇ ಹೊಳೆಗಳು ಹರಿಯುತ್ತವೆ, ಒಂದು ಕಡೆ ಮುಳುಗಿದ ನೀರು ಮೈಲಿಗಟ್ಟಲೆ ಆಚೆ ಏಳುತ್ತದೆ ಎಂದು ಅವನು ಹೇಳಿದರೆ ಊರವರು ಮುಸಿಮುಸಿ ನಗುತ್ತಿದ್ದರು. ಯಾರೂ ಮದುವೆಗೆ ಹೆಣ್ಣು ಕೊಟ್ಟಿರಲಿಲ್ಲ. ಗವಿ ಹೊಕ್ಕವನಿಗೆ ಯಾರಪ್ಪ ಕೊಡ್ತಾರೆ?

೧೯೬೧ರ ಬೇಸಿಗೆಯಲ್ಲಿ ಅವನು ರಜೆಗೆಂದು ಬಂದಾಗ ಊರಲ್ಲಿ ಒಂದೇ ಮಾತು: ಕಾರ್ಖಾನೆ. ಕಬ್ಬಿಣದ ಸಾಮಾನಿಗೆ ಹೊಳಪು ಕೊಡುವ ಕಾರ್ಖಾನೆಯಂತೆ, ತೊಳೆದು ಉಳಿದ ಆಸಿಡ್ ನೀರು ಬಿಡುವುದಕ್ಕೆ ಊರಾಚೆಯ ಹಳೆ ಕ್ವಾರಿ ಬೇಕಂತೆ. ಕಲ್ಲು ಒಡೆಯುವವರು ಎಂದೋ ಬಿಟ್ಟುಹೋದ ಆಳದ ಗುಂಡಿ ಅದು. ಮಳೆನೀರು ನಿಂತು ಬಿರುಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಕೇರಿಯವರಿಗೆ ಕುಡಿಯಲು ಇದ್ದದ್ದು ಅದೊಂದೇ ನೀರು. ಊರ ನಡುವಿನ ಬಾವಿಯ ಕಟ್ಟೆ ಹತ್ತುವ ಹಾಗಿಲ್ಲವಲ್ಲ, ಇನ್ನೆಲ್ಲಿಗೆ ಹೋಗಬೇಕು ಅವರು?

ಪಂಚಾಯಿತಿಯ ಚೇರ್ಮನ್ನು ಆನಂದಪ್ಪನ ಚಿಕ್ಕಪ್ಪ ಮುನಿಶಾಮಪ್ಪ. ಒಳ್ಳೆಯವನೇ, ಆದರೆ ಒಮ್ಮೆ ಹ್ಞೂಂ ಅಂದರೆ ಮುಗಿಯಿತು, ಬ್ರಹ್ಮ ಬಂದರೂ ಊಹೂಂ ಅನ್ನಿಸಲಾಗದು. ಕಾರ್ಖಾನೆಯವರಿಗೆ ಬಾಯಿಮಾತಿನಲ್ಲಿ ಹ್ಞೂಂ ಅಂದಾಗಿತ್ತು. ಮಗಳ ಮದುವೆ ಮುಗಿದ ಮೇಲೆ ಕಾಗದಕ್ಕೆ ಸಹಿ.

“ಕೇರಿಯೋರು ಏನ್ ಕುಡೀಬೇಕು ಚಿಕ್ಕಪ್ಪ?” ಎಂದು ಆನಂದಪ್ಪ ಕೇಳಿದ.

“ಕೆರೆ ಇಲ್ವೇನೋ? ನಡ್ಕೊಂಡ್ ಓಗ್ತಾರೆ.”

“ಆ ಆಸಿಡ್ಡು ನಮ್ಮ ಬಾವಿಗೂ ಬರ್ತದೆ.”

ಮುನಿಶಾಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಲೇ ಗವಿಯಪ್ಪ! ಅದು ನಿನ್ ಕರ್ನೂಲ್ ಕಲ್ಲಲ್ಲ ಕಣೋ. ಇದು ನಮ್ಮೂರ ಬಂಡೆ. ಸುತ್ಗೆ ಮುರಿದೋಗ್ತದೆ, ನೀರು ಎಂಗೋ ತೂರ್ತದೆ? ತೋರ್ಸು ನೋಡಾಣ, ಆಗ ನಾನೇ ಆ ಕಾಗ್ದ ಹರಿದಾಕ್ತೀನಿ.”

ಚಿಕ್ಕಪ್ಪನನ್ನು ಸುಮ್ಮನೆ ಬೈಯುವ ಹಾಗೂ ಇರಲಿಲ್ಲ. ಆನಂದಪ್ಪನ ಮೇಷ್ಟರುಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು: ಸುಣ್ಣಕಲ್ಲನ್ನು ನೀರು ಕರಗಿಸಿ ದಾರಿ ಮಾಡಿಕೊಳ್ಳುತ್ತದೆ, ಈ ಕಲ್ಲು ಕರಗುವ ಜಾತಿಯದಲ್ಲ. ಆದರೆ ಕರಗದ ಕಲ್ಲೂ ಬಿರಿಯುತ್ತದೆ, ಬಿರುಕಿಗೆ ಬಿರುಕು ಸೇರಿದರೆ ದಾರಿಯಾಗುತ್ತದೆ ಎಂದು ಅವನ ಮನಸ್ಸು ಹೇಳುತ್ತಿತ್ತು. ಮನಸ್ಸು ಹೇಳಿದ್ದಕ್ಕೆ ಯಾವ ಪಂಚಾಯಿತಿ ಬೆಲೆ ಕೊಡುತ್ತದೆ?

ಅವನು ಕ್ವಾರಿಗೆ ಹೋಗಿ ಕೇರಿಯ ಹಿರಿಯ ಮುನಿಗಂಗಪ್ಪನನ್ನು ಕಂಡ. ಗವಿಗಳಲ್ಲಿ ನೀರಿನ ಜಾಡು ಹಿಡಿಯಲು ಬಳಸುತ್ತಿದ್ದ ಪುಡಿಯ ಡಬ್ಬಿ ತೋರಿಸಿದ. ಪುಡಿ ನೋಡಲು ಇಟ್ಟಿಗೆ ಬಣ್ಣ, ನೀರಿಗೆ ಬಿದ್ದರೆ ಹಸಿರು. ಇದನ್ನು ಇಲ್ಲಿ ಹಾಕುತ್ತೇನೆ, ಬಾವಿಯಲ್ಲಿ ಬಣ್ಣ ಬಂದರೆ ಕ್ವಾರಿ ಉಳಿಯುತ್ತದೆ ಎಂದ.

“ಬರ್ದೇ ಇದ್ರೆ?” ಎಂದ ಮುನಿಗಂಗಪ್ಪ.

ಆನಂದಪ್ಪ ಡಬ್ಬಿಯ ಮುಚ್ಚಳ ತಿರುಗಿಸಿದ. ಪುಡಿ ಸುರಿದ. ನೀರಿನೊಳಗೆ ಹಸಿರು ಉಕ್ಕಿ ಹರಡಿತು. ಹೆಂಗಸರು “ಅಯ್ಯಯ್ಯಪ್ಪೋ!” ಎಂದು ಕೊಡ ಹಿಡಿದುಕೊಂಡು ಹಿಂದೆ ಸರಿದರು. ಅವನು ಬೊಗಸೆ ತುಂಬಿ ಮೊದಲು ತಾನೇ ಕುಡಿದು ತೋರಿಸಿದ. ಆಮೇಲೆ ಮುನಿಗಂಗಪ್ಪನೂ ಕುಡಿದ. “ರುಚಿ ಏನೂ ಇಲ್ಲ, ಕಣ್ಗೆ ಮಾತ್ರ ಚೆಂದ” ಎಂದ.

ಅಲ್ಲಿಂದ ಶುರುವಾಯಿತು ಕಾಯುವಿಕೆ. ದಿನಾ ಬೆಳಗ್ಗೆ ಆನಂದಪ್ಪ ಗಾಜಿನ ಲೋಟ ಹಿಡಿದು ಬಾವಿಗೆ ಬರುವುದು, ನೀರನ್ನು ಬಿಸಿಲಿಗೆ ಹಿಡಿಯುವುದು, ಸಪ್ಪೆ ಮೋರೆ ಹಾಕಿಕೊಂಡು ಹಿಂದಿರುಗುವುದು. ಊರವರಿಗೆ ಪುಕ್ಕಟೆ ನಾಟಕ. ಅವನ ತಾಯಿ ಮುನಿವೆಂಕಟಮ್ಮನಿಗೆ ಮಾತ್ರ ಅದನ್ನು ನೋಡಲಾಗುತ್ತಿರಲಿಲ್ಲ. “ಯಾಕಪ್ಪಾ ಮರ್ಯಾದೆ ಕಳ್ಕೊಳ್ತೀಯ? ಬಾ, ಮುದ್ದೆ ಆರೋಗ್ತದೆ.” ಇತ್ತ ಮದುವೆಯ ಚಪ್ಪರ ಎದ್ದಿತು, ಕ್ವಾರಿಯ ಹಸಿರು ದಿನೇದಿನೇ ತಿಳಿಯಾಗುತ್ತಾ ಬಂತು. ಅವನಿಗೆ ಭಯ ಹತ್ತಿತು. ಕೇರಿಯವರ ಬಾಯಿಗೆ ಮಣ್ಣು ಹಾಕಿದೆನೇ ಎಂದು ಊಟವೇ ಸೇರದಾಯಿತು.

ಮದುವೆಯ ಹಿಂದಿನ ದಿನ ಗಂಗೆಪೂಜೆ. ಹೆಂಗಸರೆಲ್ಲ ಸೋಬಾನೆ ಹೇಳುತ್ತಾ ಬಾವಿಗೆ ಬಂದು, ಅರಿಶಿನ ಕುಂಕುಮ ಹೂವು ನೀರಿಗೆ ಬಿಟ್ಟು, ಕಳಸ ತುಂಬಿಕೊಳ್ಳುವುದು ವಾಡಿಕೆ. ಆನಂದಪ್ಪ ಚಪ್ಪರದ ಕೆಲಸ ಮುಗಿಸಿ ಓಡಿಬರುವ ಹೊತ್ತಿಗೆ ಪೂಜೆ ಮುಗಿದಿತ್ತು. ಲೋಟ ಅದ್ದಿ ಬಿಸಿಲಿಗೆ ಹಿಡಿದ. ಹಳದಿಯೋ ಹಸಿರೋ ಎನ್ನುವ ಒಂದು ಛಾಯೆ!

“ಬಂತು! ಚಿಕ್ಕಪ್ಪ, ಬಂತು!”

ಮುನಿಶಾಮಪ್ಪ ಬಂದು ಲೋಟ ನೋಡಿದ, ಸುತ್ತಲಿದ್ದವರನ್ನು ನೋಡಿದ. “ಅರಿಶಿನ ಕಣೋ ಅದು! ತಟ್ಟೆಗಟ್ಲೆ ಸುರಿದವ್ರೆ. ಗವೀಲಿ ಕಣ್ಣೂ ಕಳ್ಕೊಂಡ್ಯಾ?”

ಕಟ್ಟೆಯ ಸುತ್ತ ಗೊಳ್ಳೆಂದು ನಗು ಎದ್ದಿತು. ಆನಂದಪ್ಪನ ಮುಖ ಕಪ್ಪಿಟ್ಟಿತು. ಇಷ್ಟು ದಿನ ಕಾದು, ನೀರಿಗೆ ಅರಿಶಿನ ಬೀಳುವ ದಿನವನ್ನೇ ಮರೆತಿದ್ದನಲ್ಲ! ಈ ಊರಲ್ಲೇ ಹುಟ್ಟಿದವನು! ನಾಳಿದ್ದು ಸಹಿ. ಕೇರಿಯವರು ದೂರದ ಹುಣಸೆಮರದ ಕೆಳಗೆ ನಿಂತು ನೋಡುತ್ತಿದ್ದರು, ಅದಕ್ಕಿಂತ ಹತ್ತಿರ ಬರುವ ಪದ್ಧತಿ ಇರಲಿಲ್ಲ. ಮುನಿಗಂಗಪ್ಪ ತಲೆ ತಗ್ಗಿಸಿದ್ದು ಅವನಿಗೆ ಇಲ್ಲಿಂದಲೇ ಕಂಡಿತು.

ಅಷ್ಟರಲ್ಲಿ ಅವನ ಕಣ್ಣು ತಾಯಿಯ ಕೈಯಲ್ಲಿದ್ದ ಆರತಿ ತಟ್ಟೆಯ ಮೇಲೆ ಬಿತ್ತು. ಕೆಂಪು ನೀರು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗದೆ ಇನ್ನೇನಾಗುತ್ತದೆ!

“ಯಾರ ಅತ್ರ ಸುಣ್ಣದ ಡಬ್ಬಿ ಐತೆ? ಕೊಡ್ರೀ, ಬೇಗ!”

ಎಲೆಯಡಿಕೆ ಹಾಕುವ ಊರಲ್ಲಿ ಸುಣ್ಣಕ್ಕೇನು ಬರ? ಐದಾರು ಕೈಗಳು ಮುಂದೆ ಬಂದವು. ಅವನು ಬಣ್ಣ ಬರುವ ಮೊದಲೇ ಸೇದಿಟ್ಟಿದ್ದ ನೀರನ್ನು ಮನೆಯಿಂದ ತರಿಸಿ, ಚಿಟಿಕೆ ಅರಿಶಿನ ಕದಡಿ, ಸುಣ್ಣ ಹಾಕಿದ. ರಕ್ತದ ಹಾಗೆ ಕೆಂಪಾಯಿತು. ಆಮೇಲೆ ಬಾವಿಯ ಆಳಕ್ಕೆ ಬಿಂದಿಗೆ ಮುಳುಗಿಸಿ ತೆಗೆದ ನೀರನ್ನು ಇನ್ನೊಂದು ಲೋಟಕ್ಕೆ ಸುರಿದು, ಅದಕ್ಕೂ ಸುಣ್ಣ ಹಾಕಿದ.

ಕೆಂಪಾಗಲಿಲ್ಲ. ಸುಣ್ಣ ತಳಕ್ಕಿಳಿದಂತೆ ಹಸಿರು ಇನ್ನೂ ಕಳೆಗಟ್ಟಿತು. ಬಿಸಿಲು ಬಿದ್ದ ಕಡೆ ನೀರು ತಾನೇ ಬೆಳಕಾಗಿ ಹೊಳೆಯಿತು. ನಗು ನಿಂತುಹೋಯಿತು.

ಮುನಿಶಾಮಪ್ಪ ಪಂಚೆ ಎತ್ತಿ ಕಟ್ಟಿಕೊಂಡು ಬಾವಿಯ ಮೆಟ್ಟಿಲು ಇಳಿದ. ಆನಂದಪ್ಪ ಹಿಂದೆಯೇ ಇಳಿದ. ಸೂರ್ಯ ನೆತ್ತಿಗೆ ಬಂದಿದ್ದರಿಂದ ಬಿಸಿಲು ನೇರವಾಗಿ ಬಾವಿಯೊಳಗೆ ಬಿದ್ದಿತ್ತು. ಕೆಳಗೆ ಇಬ್ಬರೂ ನಿಂತುಬಿಟ್ಟರು. ನೀರಿನೊಳಗೆ, ಗೋಡೆಯ ಬಂಡೆಯಲ್ಲಿ, ಉಗುರು ಮಾತ್ರ ತೂರುವಂಥ ಒಂದು ಸೀಳು. ಅದರಿಂದ ಹಸಿರು ಎಳೆಯೆಳೆಯಾಗಿ, ಅಗರಬತ್ತಿಯ ಹೊಗೆಯ ಹಾಗೆ, ಸದ್ದಿಲ್ಲದೆ ಹೊರಬರುತ್ತಿತ್ತು. ಆನಂದಪ್ಪ ಎಷ್ಟೋ ಗವಿ ನೋಡಿದ್ದ, ನೆಲದಡಿಯ ಹೊಳೆಯಲ್ಲಿ ಈಜಿದ್ದ. ಈ ಎಳೆಯ ಮುಂದೆ ಅದೆಲ್ಲ ಏನೂ ಅಲ್ಲ ಅನ್ನಿಸಿತು. ಹೊಲಗಳ ಕೆಳಗೆ, ಮನೆಗಳ ಕೆಳಗೆ, ಈ ಚಪ್ಪರದ ಕಂಬಗಳ ಕೆಳಗೆ, ಯಾರಿಗೂ ಹೇಳದೆ ಕೇಳದೆ ಆ ನೀರು ಕತ್ತಲಲ್ಲಿ ನಡೆದು ಬಂದಿತ್ತು. ಅವನಿಗೆ ಅಳು ಬಂತು. ಅಳುವುದಕ್ಕೆ ನಾಚಿಕೆಯೂ ಆಗಲಿಲ್ಲ.

“ನಮ್ಮಪ್ಪನಾಣೆ,” ಎಂದ ಮುನಿಶಾಮಪ್ಪ ಪಿಸುಮಾತಿನಲ್ಲಿ, “ಬಂಡೆ ಉಸಿರಾಡ್ತದಲ್ಲೋ.”

ಮೇಲೆ ಬಂದವನೇ ಎಲ್ಲರಿಗೂ ಕೇಳುವಂತೆ ಕೂಗಿದ: “ಕ್ವಾರಿ ಕೊಡಲ್ಲ! ಅಲ್ಲಿಗ್ ಆಕಿದ್ದು ನಮ್ ಬಾಯ್ಗೇ ಬರ್ತದೆ.”

ಜನ ಹೋ ಎಂದರು. ಮುನಿವೆಂಕಟಮ್ಮ ಮಾತ್ರ ಹೋ ಅನ್ನಲಿಲ್ಲ. ಕೂಲಿಗೆ ಬಂದ ಕೇರಿಯ ಹೆಂಗಸರು ಬಾಯಾರಿದರೆ ಮೇಲಿನಿಂದ, ಅವರ ಬೊಗಸೆಗೆ ಚೆಂಬು ತಗುಲದಂತೆ ನೀರು ಹುಯ್ಯುತ್ತಿದ್ದವರು ಅವರು. ಮದುವೆಯ ಕಳಸವನ್ನೇ ನೋಡುತ್ತಾ ಕೇಳಿದರು: “ಅಂಗಾದ್ರೆ ಮಗಾ, ನಾನು ಈ ಊರ್ಗೆ ಸೊಸೆಯಾಗಿ ಬಂದಾಗ್ಲಿಂದ್ಲೂ ನಾವ್ ಕುಡೀತಿರೋದು...?”

“ಹ್ಞೂಂ ಅಮ್ಮ. ಕ್ವಾರಿ ನೀರೂ ಸೇರ್ಕೊಂಡೈತೆ. ಅವರು ಮೊಗೆದು ಮಿಕ್ಕಿದ್ದು.”

ಹುಣಸೆಮರದ ಕೆಳಗಿನಿಂದ ಮುನಿಗಂಗಪ್ಪ ನಾಲ್ಕು ಹೆಜ್ಜೆ ಮುಂದೆ ಬಂದು ನಿಂತ. ಕೈ ಮುಗಿದೇ ಇತ್ತು.

“ಚೇರ್ಮನ್ರೇ, ಒಂದ್ ಮಾತು. ನಾವ್ ಮುಟ್ಟಿದ್ ನೀರು ಇಲ್ಗೆ ಬರ್ತಿತ್ತು ಅಂದ್ರೆ, ನಾವು ಈ ಬಾವಿಗ್ ಬಂದು ಎಷ್ಟು ಕಾಲ ಆಯ್ತು?”

ಮುನಿಶಾಮಪ್ಪ ಅತ್ತಿಗೆಯ ಕಡೆ ತಿರುಗಿದ. ಮುನಿವೆಂಕಟಮ್ಮ ಕಳಸವನ್ನು ಸೊಂಟಕ್ಕೆ ಏರಿಸಿಕೊಂಡರು. ನೀರನ್ನು ಚೆಲ್ಲಲಿಲ್ಲ. ಕಟ್ಟೆಯಿಂದ ಇಳಿದು, ತಾವು ನಿಂತಿದ್ದ ಜಾಗವನ್ನು ಮುನಿಗಂಗಪ್ಪನಿಗೆ ಬಿಟ್ಟು, ಮದುವೆಮನೆಯ ಕಡೆಗೆ ನಡೆದರು.